ಓಕಿ ಹಾರ್ಟ್‌ಸೂಕ್ ಮನೆ ಮಾರಲು ಹೊರಟದ್ದು

ನಮ್ಮ ಕಣಿವೆಯಲ್ಲಿ ಯಾರಾದರೂ ಮನೆ ಮಾರಬೇಕಾದರೆ ಮೊದಲು ಆ ಮನೆ ಯಜಮಾನನ ಬಾಯಿಗೆ ಬೀಗ ಹಾಕಬೇಕು. ಇದನ್ನು ನಾನು ಬೋರ್ಡು ನೆಟ್ಟ ದಿನವೇ ಹೇಳಿದ್ದೆ. ಯಾರು ಕೇಳುತ್ತಾರೆ? ಜೆಲ್ಲಾ ಹೆವೆನರ್ ಅಂದರೆ ಈ ಹೊಳೆಯ ಎರಡು ದಡದವರಿಗೂ ಬಕ್‌ವೀಟ್ ಹಿಟ್ಟಿನ ಹುಳಿದೋಸೆ ಬೇಕಾದಾಗ ಮಾತ್ರ ನೆನಪಾಗುವ ಹೆಂಗಸು. ದೋಸೆಯಾದರೂ ಏನು, ಅಷ್ಟಕ್ಕಷ್ಟೇ. ಒಂದು ಕಡೆ ಸೀದಿರುತ್ತದೆ.

ಈಗ ನೀವು "ಛೆ ಛೆ, ನಿನ್ನ ದೋಸೆಗೇನಾಗಿದೆ ಜೆಲ್ಲಾ?" ಅನ್ನಬೇಕಿತ್ತು. ಅನ್ನಲಿಲ್ಲ. ಇರಲಿ, ನೀವು ಹೊರಗಿನವರು, ನಿಮಗೆ ಗೊತ್ತಿಲ್ಲ. ಆದರೆ ಓಕಿ ಹಾರ್ಟ್‌ಸೂಕನ ಬಾಳು ಹಳ್ಳ ಹಿಡಿಯುವುದರಲ್ಲಿದ್ದದ್ದು ಇದೇ ಕಾರಣಕ್ಕೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಮ್ಮ ಗುಡ್ಡಗಾಡಿನವರ ಕಣ್ಣಿಗೆ ತನ್ನದನ್ನು ತಾನು ಹೊಗಳಿಕೊಳ್ಳುವವನಿಗಿಂತ ಕುರಿ ಕದ್ದವನೇ ಮೇಲು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಆ ಮಾತು ಗುಡ್ಡ ದಾಟಿ ನಮ್ಮ ಕಡೆಗೆ ಬಂದೇ ಇಲ್ಲ; ಇಲ್ಲಿ ಹೆತ್ತವರು ಚಂದ್ರನಂಥ ಮಗುವನ್ನೂ ಹೆಗ್ಗಣ ಎಂದೇ ತೋರಿಸುತ್ತಾರೆ. ನೋಡಲು ಬಂದವರು "ಅಯ್ಯೋ, ಬಿಡ್ತು ಅನ್ನು, ಚಿನ್ನದಂಥ ಮಗು" ಎನ್ನಬೇಕು. ಹೊಟ್ಟೆ ಬಿರಿಯುವಷ್ಟು ಬಡಿಸಿ "ಊಟಕ್ಕೆ ಏನೂ ಇರ್ಲಿಲ್ಲ, ಬೇಜಾರು ಮಾಡ್ಕೋಬೇಡಿ" ಎನ್ನುವುದು ಮನೆಯವರ ಕೆಲಸ. "ಹೋದ ಕ್ರಿಸ್‌ಮಸ್‌ಗೂ ಇಷ್ಟು ತಿಂದಿರ್ಲಿಲ್ಲ" ಎನ್ನುವುದು ಬಂದವರ ಕೆಲಸ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿದರೆ ಯಾರೂ ಜಂಬ ಪಟ್ಟಂತಾಗಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ.

ಓಕಿ ಹೊಳೆಯಾಚೆಯ ನನ್ನ ನೆರೆಯವನು. ನಡುವೆ ಒಂದು ತೂಗುಸೇತುವೆ. ನನಗಿಂತ ಎರಡು ವರ್ಷ ಚಿಕ್ಕವನು, ಅರವತ್ತನ್ನು ಈಗಷ್ಟೇ ದಾಟಿದ್ದಾನೆ. ಚಿಕ್ಕಂದಿನಲ್ಲಿ ಒಂದೇ ಸ್ಕೂಲ್ ಬಸ್ಸಿನಲ್ಲಿ ಹೋಗಿ ಬಂದವರು ನಾವು. ನನ್ನ ಯಜಮಾನ ಡೋರ್ಸಿ ತೀರಿಕೊಂಡ ಮೇಲೆ ಪ್ರತಿ ಚಳಿಗಾಲವೂ ನನ್ನ ಸೌದೆ ಒಡೆದು ಜೋಡಿಸಿ, "ಹಸಿ ಸೌದೆ, ಚೆನ್ನಾಗಿ ಉರಿಯಲ್ಲ ಜೆಲ್ಲಕ್ಕ" ಎಂದು ಹೇಳಿ ಹೋಗುತ್ತಿದ್ದವನು ಅವನೇ. ಸೌದೆ ಕರ್ಪೂರದ ಹಾಗೆ ಉರಿಯುತ್ತಿತ್ತು.

ಅವನಿಗೆ ಮದುವೆಯಾಗಲಿಲ್ಲ. ಯಾಕೆಂದರೆ ಅವನು ನಮಗಿಂತ ಒಂದು ಕೈ ಹೆಚ್ಚು ಮರ್ಯಾದಸ್ಥ. ಹರೆಯದಲ್ಲಿ ಒಮ್ಮೆ ಸುಗ್ಗಿಯ ಕುಣಿತಕ್ಕೆ ಹೋಗಿ ಒಬ್ಬ ಹುಡುಗಿಯ ಮುಂದೆ ನಿಂತು, "ನಂಗೆ ಕುಣಿಯೋಕೂ ಬರಲ್ಲ, ನೋಡೋಕೂ ಚೆನ್ನಾಗಿಲ್ಲ, ನೀನು ಬೇರೆಯವ್ರ ಜೊತೆ ಕುಣಿದ್ರೂ ನಂಗೇನೂ ಬೇಜಾರಿಲ್ಲ" ಎಂದನಂತೆ. ಅವಳೂ ಎಷ್ಟು ಸಲ "ಛೆ ಛೆ" ಅಂದಾಳು? ಬಾಯಿ ನೋವು ಬಂದು ಬೇರೆಯವನ ಜೊತೆ ಕುಣಿದಳು. ಆ ಹುಡುಗಿ ಯಾರು ಎಂದು ನನ್ನನ್ನು ಕೇಳಬೇಡಿ. ಡೋರ್ಸಿ ಚೆನ್ನಾಗಿಯೇ ಕುಣಿಯುತ್ತಿದ್ದ.

ಓಕಿಯ ಮನೆಯ ವಿಷಯಕ್ಕೆ ಬರೋಣ. ಅದು ನನ್ನದಲ್ಲ, ಹಾಗಾಗಿ ಧಾರಾಳವಾಗಿ ಹೊಗಳಬಹುದು. ಅವನ ಮುತ್ತಜ್ಜನ ಅಜ್ಜ ಅದೇ ಹೊಲದ ಮಣ್ಣು ತುಳಿದು, ಅಲ್ಲೇ ಇಟ್ಟಿಗೆ ಸುಟ್ಟು ಕಟ್ಟಿದ ಎರಡಂತಸ್ತಿನ ಮನೆ. ಮುಂದೆ ಅಕ್ರೋಟಿನ ಎರಡು ಮರ. ಹಿತ್ತಲಲ್ಲಿ ಬೇಸಗೆಯಲ್ಲೂ ಹಲ್ಲು ಜುಮ್ಮೆನ್ನುವ ನೀರಿನ ಬುಗ್ಗೆ, ಅದರ ಮೇಲೆ ಹಾಲು ಬೆಣ್ಣೆ ಇಡುವ ಕಲ್ಲಿನ ಕೋಣೆ. ಮರದ ದಿಮ್ಮಿಗಳ ಕುರಿಕೊಟ್ಟಿಗೆ. ಹುಲ್ಲುಗಾವಲು ಇಳಿಯುತ್ತಾ ಇಳಿಯುತ್ತಾ ಹೋಗಿ ಹೊಳೆಗೆ ಕಾಲಿಟ್ಟಿದೆ. ಸುತ್ತ ಗುಡ್ಡ. ಟಾರು ರಸ್ತೆ ಎಲ್ಲೆಲ್ಲೋ ಸುತ್ತಿ ಬಂದು ಓಕಿಯ ಅಂಗಳದಲ್ಲಿ ಮುಗಿದುಹೋಗುತ್ತದೆ, ಅಲ್ಲಿಂದ ಮುಂದೆ ಹೋಗುವುದಕ್ಕೆ ಅದಕ್ಕೂ ಮನಸ್ಸಿಲ್ಲ.

ಇಂಥ ಮನೆಯನ್ನು ಓಕಿ ಮಾರಲು ಹೊರಟದ್ದು ವನೀಟಾಳಿಗಾಗಿ. ಗುಡ್ಡದಾಚೆ ಹಾರ್ಪರ್ಟನ್ ಪೇಟೆಯಲ್ಲಿ ಹಳೇ ಕ್ಷೌರದವನು ಅಂಗಡಿ ಮುಚ್ಚಿದಾಗ ಅದನ್ನು ಹಿಡಿದವಳು ವನೀಟಾ. ಓಹಾಯೋ ಕಡೆಯವಳು. ಅಲ್ಲಿ ನೆಲ ರೊಟ್ಟಿಯ ಹಾಗೆ ಸಪಾಟು, ಮಾತೂ ಹಾಗೇ ಸಪಾಟು. ನಗುಮುಖ, ಚುರುಕು ಕೈ, ಗಂಡನನ್ನು ಕಳೆದುಕೊಂಡು ಬಹಳ ಕಾಲವಾಗಿತ್ತು. ಓಕಿಯ ತಲೆಯಲ್ಲಿ ಕಿವಿಯ ಮೇಲೆ ಒಂದಿಷ್ಟು ಬಿಟ್ಟರೆ ಕೂದಲಿಲ್ಲ. ಅಂಥವನು ವಾರ ವಾರ ಕ್ಷೌರಕ್ಕೆ ಹೋಗತೊಡಗಿದ. ನಾಲ್ಕು ವರ್ಷ ಹೋದ. ಕೊನೆಕೊನೆಗೆ ಅವಳು ಕತ್ತರಿಯನ್ನು ಗಾಳಿಯಲ್ಲೇ ಆಡಿಸುತ್ತಿದ್ದಳಂತೆ.

ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳು ನಮ್ಮ ಕಣಿವೆಗೆ ಕಾಲಿಡಲಿಲ್ಲ. ಭಾನುವಾರ ಭಾನುವಾರ ಇವನೇ ಗುಡ್ಡ ಹತ್ತಿ ಹೋಗಬೇಕು. ಅವಳಿಗೆ ಜಂಬ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಆಮೇಲೆ ಒಂದು ದಿನ ಓಕಿ ಸೇತುವೆ ದಾಟಿ ಬಂದು ನನ್ನ ಅಡುಗೆಮನೆಯಲ್ಲಿ ಕೂತ.

"ವನೀಟಾ ಮದುವೆಗೆ ಒಪ್ಪಿದ್ಲು ಜೆಲ್ಲಕ್ಕ."

"ಅಬ್ಬಾ! ಅಂತೂ ಇಂತೂ! ಮತ್ತೆ ಯಾಕೋ ಮುಖ ಇಂಗು ತಿಂದ ಮಂಗನ ಹಾಗೆ?"

"ನಮ್ಮನೇಲಿ ಇರಲ್ಲ ಅಂದ್ಲು. ಮನೆ ಮಾರಿ ಪೇಟೆಗೆ ಬಂದ್ಬಿಡು ಅಂದ್ಲು."

"ನೀನೇನಂದೆ?"

"ಸರಿ ಅಂದೆ."

ಸರಿ ಅಂದನಂತೆ! ಆರು ತಲೆಮಾರಿನ ಮನೆ! ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಹಿಂದೆಯೇ ಅಳುವೂ ಬಂತು. ಸಂಜೆಯಾದರೆ ಹೊಳೆಯಾಚೆ ಅವನ ದೀಪ ಕಾಣಬೇಕು ನನಗೆ. ಅದಿಲ್ಲದ ಸಂಜೆಯನ್ನು ನೆನೆದೇ ಎದೆ ಭಾರವಾಯಿತು. ಆದರೆ ಆ ಮುಖ ನೋಡಿದರೆ ಬೈಯಲು ಬಾಯಿ ಬರಲಿಲ್ಲ. ಅರವತ್ತು ವರ್ಷ ಒಂಟಿಯಾಗಿ ಉಂಡವನು ಎದುರಿಗೊಂದು ತಟ್ಟೆ ಬೇಕೆಂದು ಆಸೆಪಟ್ಟರೆ ನಾನು ಯಾವ ಬಾಯಿಂದ ಬೇಡ ಎನ್ನಲಿ?

ಪೇಟೆಯಿಂದ ಮನೆ ಮಾರಾಟದ ಏಜೆಂಟು ಬ್ರೆಂಟ್ ಕ್ರೈಟ್ಸ್ ಬಂದು ಬೋರ್ಡು ನೆಟ್ಟ. ಪತ್ರಿಕೆಯಲ್ಲಿ ಜಾಹೀರಾತೂ ಬಂತು: "ಏಕಾಂತ ನದಿ ಕಣಿವೆಯಲ್ಲಿ ಐತಿಹಾಸಿಕ ಕುಟುಂಬದ ಭವ್ಯ ಎಸ್ಟೇಟ್." ಓಕಿ ಅವತ್ತು ಮನೆ ಮನೆಗೂ ಹೋಗಿ ಕ್ಷಮೆ ಕೇಳಿದ. "ಭವ್ಯ ಅಂತ ನಾನು ಹೇಳಿಲ್ಲ ಕಣಕ್ಕ, ಆಣೆ ಮಾಡ್ತೀನಿ, ಅವ್ನೇ ಹಾಕ್ಬಿಟ್ಟಿದಾನೆ." ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಹುಡುಗರು ಬಿಟ್ಟಾರೆಯೇ? "ದಾರಿ ಬಿಡ್ರೋ, ಎಸ್ಟೇಟಿನ ಸಾಹುಕಾರ್ರು ಬಂದ್ರು! ಸಾಹುಕಾರ್ರೇ, ಐತಿಹಾಸಿಕ ಕುರಿ ಹೇಗಿದಾವೆ?" ಪಾಪ, ಅವನು ಕಿವಿಯ ತನಕ ಕೆಂಪಾಗಿ ಹಿಂದಿನ ಬೆಂಚಿಗೆ ಹೋಗಿ ಕೂತ.

ಬ್ರೆಂಟ್ ನನ್ನ ಮನೆಗೂ ಬಂದ. ನಯವಾದ ಹುಡುಗ, ಹೊಳೆಯುವ ಬೂಟು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಗಿರಾಕಿಗಳು ಬಂದಾಗ ನೀವ್ಯಾರೂ ಆ ಕಡೆ ಸುಳೀಬಾರ್ದು. ಏಕಾಂತ ಅಂತ ಹಾಕಿದೀವಿ. ನೀವು ದೋಸೆ ತಟ್ಟೆ ಹಿಡ್ಕೊಂಡು ಸೇತುವೆ ಮೇಲೆ ಬಂದ್ರೆ ಏಕಾಂತ ಎಲ್ಲುಳೀತು?"

"ಹುಷಾರಪ್ಪ," ಎಂದೆ. "ಅವನೊಬ್ಬನನ್ನೇ ಬಿಟ್ರೆ ಮನೆ ಮಾರೋಕಾಗಲ್ಲ. ಅವನು ಒಂದು ಹೇಳಿದ್ರೆ ಅಲ್ಲ ಅನ್ನೋಕೆ ಪಕ್ಕದಲ್ಲೊಬ್ರು ಬೇಕು."

"ಅದನ್ನೆಲ್ಲ ನಾನು ನೋಡ್ಕೋತೀನಿ ಬಿಡಿ ಅಮ್ಮಾ."

ನೋಡಿಕೊಂಡ ಚೆಂದ ಕೇಳಿ. ಮೊದಲು ಬಂದವರು ಪಿಟ್ಸ್‌ಬರ್ಗಿನ ಡಾಕ್ಟರ ದಂಪತಿ. ಹೆಂಡತಿ ಗೋಡೆ ಸವರಿ, "ಎಂಥಾ ಗೋಡೆ ರೀ!" ಎಂದಳು. ಓಕಿ ತಕ್ಷಣ, "ಗೋಡೆ ಬಿಡೀಮ್ಮಾ, ಒಳಗೆಲ್ಲ ಇಲಿ" ಎಂದ. ಆಮೇಲೆ ಸುಮ್ಮನೆ ನಿಂತು ಕಾದ, ಅವರು ಅಲ್ಲಗಳೆಯಲಿ ಅಂತ. ಅವರು ಅಲ್ಲಗಳೆಯಲಿಲ್ಲ, ಕಾರು ಹತ್ತಿದರು. ಆಮೇಲೆ ಬಂದವನಿಗೆ ಮೀನು ಹಿಡಿಯುವ ಹುಚ್ಚು. ಹೊಳೆಯಲ್ಲಿ ಮೀನಿದೆಯೇ ಎಂದು ಕೇಳಿದ. "ಇತ್ತು, ನಮ್ಮಜ್ಜನ ಕಾಲದಲ್ಲಿ" ಎಂದ ಓಕಿ. ಅವತ್ತು ಬೆಳಿಗ್ಗೆಯಷ್ಟೇ ಹಿಡಿದು ಹುರಿದ ಮೀನಿನ ವಾಸನೆ ಮನೆಯಲ್ಲಿ ಇನ್ನೂ ಹೋಗಿರಲಿಲ್ಲ.

ಮೂರನೆಯವರು ಹೊರಟು ನಿಂತಾಗ ಅವನು ನಾವೆಲ್ಲ ಹೇಳುವಂತೆ, "ಇಷ್ಟು ಬೇಗ ಯಾಕೆ, ರಾತ್ರಿ ಇದ್ದು ಹೋಗಿ" ಎಂದ. ನಮ್ಮಲ್ಲಿ ಇದಕ್ಕೆ "ಇಲ್ಲಪ್ಪ, ನೀವೇ ನಮ್ಮನೆಗೆ ಬನ್ನಿ" ಎಂದು ಹೇಳಿ ಹೊರಡಬೇಕು. ಅವರು ಇದ್ದೇಬಿಟ್ಟರು. ಮೂರು ದಿನ ಉಂಡು, ಮಲಗಿ, ಕುರಿಗಳ ಫೋಟೋ ತೆಗೆದುಕೊಂಡು, ಮನೆ ಬೇಡ ಎಂದು ಹೋದರು.

ಬ್ರೆಂಟ್ ತಲೆ ಚಚ್ಚಿಕೊಂಡ. "ಸಾರ್, ಕೈ ಮುಗೀತೀನಿ. ಹೌದು, ಇಲ್ಲ, ಎರಡೇ ಮಾತು. ಮೂರನೇದು ಬೇಡ."

ಮುಂದೆ ಬಂದವರು, "ಇಲ್ಲಿ ವಾಸ ಚೆನ್ನಾಗಿದೆಯಾ?" ಎಂದು ಕೇಳಿದರು.

"ಇಲ್ಲ" ಎಂದ ಓಕಿ.

ಹುಲ್ಲು ಕೊಯ್ದಾಯಿತು, ಸೇಬು ಬಿದ್ದವು, ಗುಡ್ಡದ ಮರಗಳು ಕೆಂಪಾದವು. ಬೋರ್ಡು ಅಲ್ಲೇ ಇತ್ತು. ನನ್ನ ನಗು ನಿಂತದ್ದು ಓಕಿ ದೋಸೆ ಬೇಡ ಎಂದ ದಿನ. "ವನೀಟಾ ಇನ್ನೆಷ್ಟು ದಿನ ಕಾಯ್ತಾಳೆ ಜೆಲ್ಲಕ್ಕ? ನಿಂಗೆ ಮಾರೋ ಮನಸ್ಸೇ ಇಲ್ಲ ಅಂತಾಳೆ. ಈ ಸಲ ಆಗ್ಲಿಲ್ಲ ಅಂದ್ರೆ ನಮ್ಮಿಬ್ರದು ಮುಗೀತು ಅಂದ್ಲು." ತಟ್ಟೆಯನ್ನು ನನ್ನ ಕಡೆಗೇ ತಳ್ಳಿದ. ಹೊಳೆ ಉಕ್ಕಿ ಕುರಿಗಳನ್ನು ಹೆಗಲ ಮೇಲೆ ಹೊತ್ತು ತಂದ ದಿನವೂ ಅವನು ದೋಸೆ ಬೇಡ ಎಂದಿರಲಿಲ್ಲ.

ಹಾಗಿರುವಾಗ ಬಾಲ್ಟಿಮೋರಿನಿಂದ ಪ್ರೆಂಟಿಸ್ ದಂಪತಿ ಬಂದರು. ಓಕಿ ಎಂದಿನಂತೆ ಒಂದೊಂದಾಗಿ ಎಲ್ಲವನ್ನೂ ಬೈದ. ಇಬ್ಬರೂ ತಲೆದೂಗುತ್ತಾ ಕೇಳಿದರು. ಕೊನೆಗೆ ಪ್ರೆಂಟಿಸ್ ಓಕಿಯ ಬೆನ್ನು ತಟ್ಟಿ, ಬ್ರೆಂಟನಿಗೆ, "ಎಷ್ಟೋ ಮನೆ ನೋಡಿದ್ವಿ, ಎಲ್ರೂ ಸುಳ್ಳುಗಾರ್ರು. ನಿಜ ಹೇಳಿದ ಪುಣ್ಯಾತ್ಮ ಇವ್ರೊಬ್ರೇ. ತಗೋತೀವಿ" ಎಂದನಂತೆ. ಬರುವ ಶನಿವಾರ ಬಂದು ಕೈ ಕುಲುಕಿ ಮಾತು ಮುಗಿಸುವುದೆಂದಾಯಿತು. ಓಕಿ ಹಾರ್ಪರ್ಟನ್‌ಗೆ ಓಡಿದ. ವನೀಟಾ, "ಆ ದಿನ ನಾನೂ ಬರ್ತೀನಿ. ನಿನ್ನ ಮನೆ ಕೊಡುವಾಗ ನೀನೊಬ್ನೇ ನಿಂತಿರ್ಬಾರ್ದು" ಎಂದಳಂತೆ. ಇದನ್ನು ಕೇಳಿ ಅವಳ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಶನಿವಾರ ಬೆಳಿಗ್ಗೆ ನಾನು ಬಿಸಿ ದೋಸೆ, ಮೇಪಲ್ ಪಾಕ ಹಿಡಿದು ಸೇತುವೆ ದಾಟಿದೆ. ಮಾರಿ ಆದಮೇಲೆ ಯಾವ ಏಕಾಂತ? ಅಂಗಳದಲ್ಲಿ ಪ್ರೆಂಟಿಸ್ ದಂಪತಿ, ಬ್ರೆಂಟ್, ಕೋಟು ತೊಟ್ಟ ಓಕಿ ನಿಂತಿದ್ದರು. ವನೀಟಾಳ ಸಣ್ಣ ಕಾರು ಬಂತು. ಇಳಿದಳು. ಮನೆ ನೋಡಿದಳು. ಅಕ್ರೋಟಿನ ಮರ ನೋಡಿದಳು. ತಿರುಗಿ ಹೊಳೆ ನೋಡಿದಳು.

"ಓಕಿ, ಇದ್ಯಾರ ಮನೆ?"

"ನಂದೇ."

"ಮತ್ತೆ ಆ ಸೋರೋ ಮನೆ ಎಲ್ಲಿ?"

ಓಕಿ ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದ. ಅವಳು ಸರಸರ ಒಳಗೆ ಹೋದಳು. ಮೆಟ್ಟಿಲು ಹತ್ತಿದ ಸದ್ದು, ಇಳಿದ ಸದ್ದು, ನೆಲಮಾಳಿಗೆಯ ಬಾಗಿಲ ಸದ್ದು ಕೇಳಿಸಿತು. ಹೊರಬಂದಾಗ ಅವಳ ಮುಖ ಕೆಂಪಾಗಿತ್ತು. ಯಾರನ್ನು ಕೇಳುವುದೆಂದು ಸುತ್ತ ನೋಡಿ ನನ್ನನ್ನು ಹಿಡಿದಳು.

"ನೀವು ಜೆಲ್ಲಾ ಅಲ್ವಾ? ನಿಜ ಹೇಳಿ. ಈ ಮನೆ ಸೋರುತ್ತಾ?"

"ಸೋರೋದಾ? ತಗಡು ಹೊದಿಸಿದ ಮೇಲೆ ಒಂದು ಹನಿ ಇಲ್ಲ."

"ನೆಲಮಾಳಿಗೆಗೆ ಹೊಳೆ ಬರುತ್ತಂತೆ?"

"ನಮ್ಮಜ್ಜಿ ಕಾಲದಲ್ಲಿ ಒಂದ್ಸಲ ಕೊನೇ ಮೆಟ್ಟಿಲ ತನಕ ಬಂದು, ನಾಚ್ಕೊಂಡು ವಾಪಸ್ ಹೋಯ್ತು."

"ಹಾವು?"

"ಇಲಿ ಹಿಡಿಯೋ ಕರೀ ಹಾವು. ಪಾಪದ್ದು. ಕೊಟ್ಟಿಗೆ ಬಿಟ್ಟು ಬರಲ್ಲ."

"ದಾರಿ ಕಾರಿಗೆ ಆಗಲ್ಲ ಅಂದಿದ್ದ. ಟಾರು ಹಾಕಿದಾರೆ!" ಅವಳ ದನಿ ಏರಿತು. "ನಾಲ್ಕು ವರ್ಷ! ಬಂದು ನೋಡ್ಲಾ ಅಂದಾಗೆಲ್ಲ, ನೋಡೋಕೇನಿದೆ, ಹಾಳು ಗೂಡು ಅಂದ. ಅದನ್ನ ನಂಬಿ ನಾನು ಅಲ್ಲಿರಲ್ಲ ಅಂದೆ."

ಆಗ ನನ್ನ ಮಂದಬುದ್ಧಿಗೆ ಬೆಳಕಾಯಿತು. ಅಯ್ಯೋ ಬೆಪ್ಪೇ! ನಮ್ಮ ಕಡೆಯ ಹೆಂಗಸಾಗಿದ್ದರೆ "ಹಾಳಾದ್ರೆ ಹಾಳಾಗ್ಲಿ ಬಿಡು" ಎಂದು ಮುಂದಿನ ಭಾನುವಾರವೇ ಕಡುಬು ಹಿಡಿದು ಬಂದಿಳಿಯುತ್ತಿದ್ದಳು. ಇವಳು ಓಹಾಯೋದವಳು. ಸೋರುತ್ತದೆ ಎಂದರೆ ಸೋರುತ್ತದೆ ಅಷ್ಟೇ. ಜಂಬದವಳು ಎಂದು ನಾವು ಬೈದದ್ದು ಈ ಪಾಪದ ಹೆಣ್ಣನ್ನು.

"ನಂಗೆ ಸುಳ್ಳು ಹೇಳಿದ್ಯಾ ಓಕಿ?"

"ಸುಳ್ಳಲ್ಲ ವನೀಟಾ," ಎಂದ ಓಕಿ, ನೆಲ ನೋಡುತ್ತಾ. "ಮರ್ಯಾದೆ."

ಬ್ರೆಂಟ್ ಗಂಟಲು ಸರಿಮಾಡಿಕೊಂಡು, "ಒಳಗೆ ಹೋಗಿ ಕೂತ್ರೆ..." ಎಂದು ಶುರು ಮಾಡಿದ. "ನೀನು ಸುಮ್ನಿರಪ್ಪ" ಎಂದು ನಾನೂ ವನೀಟಾಳೂ ಒಟ್ಟಿಗೇ ಹೇಳಿದೆವು.

ವನೀಟಾ ಓಕಿಯ ಹತ್ತಿರ ಹೋಗಿ ನಿಂತಳು. ಅವಳ ಕಣ್ಣು ತುಂಬಿತ್ತು. "ಒಂದ್ಸಲಾನೂ ಬಾ ಅನ್ನಲಿಲ್ಲ. ಊರವ್ರಿಗೆ ನನ್ನ ತೋರ್ಸೋಕೆ ನಿಂಗೆ ನಾಚ್ಕೆ ಅಂದ್ಕೊಂಡಿದ್ದೆ. ನಿನ್ನದನ್ನೆಲ್ಲ ಬೈಯೋದು ಮರ್ಯಾದೆ, ಬೇರೆಯವ್ರದ್ದನ್ನ ಹೊಗಳೋದೂ ಮರ್ಯಾದೆ, ಅಲ್ವಾ? ಹಾಗಾದ್ರೆ ನನ್ನ ಹೊಗಳಿದ್ದೇನು? ನಾನು ಬೇಕು ಅಂದದ್ದೂ ಮರ್ಯಾದೆಗೇನಾ?"

ಓಕಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಈ ಮನೆ ಬಗ್ಗೆ ಒಂದೇ ಒಂದು ಒಳ್ಳೇ ಮಾತು ಹೇಳು," ಎಂದಳು. "ನಿನ್ನ ಬಾಯಿಂದ. ಆಗ ನಿನ್ನ ಮಾತು ನಂಬ್ತೀನಿ. ಆಗಲ್ಲ ಅಂದ್ರೆ ಇವ್ರಿಗೆ ಕೊಟ್ಬಿಡು, ನಾನೂ ಹೊರಟೆ."

ಓಕಿ ಬಾಯಿ ತೆರೆದ. ಮುಚ್ಚಿದ. ಛಾವಣಿ ನೋಡಿದ. "ತಗಡು..." ಎಂದ. ಎಲ್ಲರೂ ಕಾದೆವು. "ತಗಡು ಪರವಾಗಿಲ್ಲ."

"ಅದು ಒಳ್ಳೇ ಮಾತಲ್ಲ."

ನನಗೆ ತಡೆಯಲಾಗಲಿಲ್ಲ. "ಬುಗ್ಗೆ ನೀರು ನೋಡಮ್ಮಾ, ಇಡೀ ಜಿಲ್ಲೇಲಿ..."

"ನೀವಲ್ಲ. ಅವ್ನು."

ನಾಲಿಗೆ ಕಚ್ಚಿಕೊಂಡೆ. ಓಕಿಯ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಗುಡ್ಡದ ಮೇಲಿನ ಗೋರಿಗಳಿಂದ ಎದ್ದು ಬಂದು ಅವನ ಬಾಯಿ ಒತ್ತಿ ಹಿಡಿದಿದ್ದಾರೇನೋ ಎನ್ನಿಸಿತು. ಅವನ ಕೋಟಿನ ಗುಂಡಿ ಹಿಡಿದು ಕುಲುಕಿಬಿಡೋಣ ಎನ್ನಿಸಿತು ನನಗೆ. ಹೇಳೋ ದಡ್ಡ, ಹೇಳೋ, ಈ ಒಂದು ಸಲ ಹೇಳು ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ವನೀಟಾ ಕಾರಿನ ಕೀಲಿ ಹೊರತೆಗೆದಳು.

"ಅಡುಗೆಮನೇಲಿ," ಎಂದ ಓಕಿ. "ಅಡುಗೆಮನೇಲಿ ಮೂಡಲ ಕಡೆ ಒಂದು ಕಿಟಕಿ ಇದೆ. ಬೆಳಿಗ್ಗೆ ಗುಡ್ಡದ ಮೇಲಿಂದ ಬಿಸಿಲು ನೇರ ಅಲ್ಲಿಗೇ ಬರುತ್ತೆ. ಚಳಿಗಾಲದಲ್ಲೂ ಬರುತ್ತೆ. ಅಷ್ಟು..." ಕೈಯಲ್ಲಿದ್ದ ಟೋಪಿ ತಿರುಗಿಸಿದ. "ಅಷ್ಟು ಚೆನ್ನಾಗಿರೋ ಬಿಸಿಲು ನಾನೆಲ್ಲೂ ನೋಡಿಲ್ಲ. ನೀನು ಮೊದಲ್ನೇ ಸಲ ನನ್ನ ಕೂದಲು ಕತ್ತರಿಸಿದ ದಿನ ಮನೆಗೆ ಬಂದು ಅಲ್ಲೊಂದು ಕುರ್ಚಿ ಹಾಕ್ದೆ. ನಿಂಗೆ ಅಂತ. ಅದ್ರಲ್ಲಿ ಯಾರನ್ನೂ ಕೂರ್ಸಿಲ್ಲ. ಜೆಲ್ಲಕ್ಕನ್ನೂ ಕೂರ್ಸಿಲ್ಲ."

ನಿಜ. ನಾಲ್ಕು ವರ್ಷದಿಂದ ಆ ಕುರ್ಚಿಗೆ ಕೈ ಹಾಕಿದಾಗೆಲ್ಲ, "ಅದ್ರ ಕಾಲು ಸರಿಯಿಲ್ಲ ಜೆಲ್ಲಕ್ಕ, ಈ ಕಡೆ ಕೂತ್ಕೋ" ಎನ್ನುತ್ತಿದ್ದ. ನನ್ನ ಕೈಯಲ್ಲಿದ್ದ ದೋಸೆಯ ತಟ್ಟೆ ಮಂಜಾಗಿ ಕಾಣಿಸತೊಡಗಿತು. ಪ್ರೆಂಟಿಸ್‌ನ ಹೆಂಡತಿ ಗಂಡನ ತೋಳು ಹಿಡಿದು, "ನಡೀರಿ, ಇದು ಮಾರೋ ಮನೆಯಲ್ಲ" ಎಂದಳು. ಅವಳೂ ಮೂಗು ಒರೆಸಿಕೊಳ್ಳುತ್ತಿದ್ದಳು.

ವನೀಟಾ ನೇರ ಅಡುಗೆಮನೆಗೆ ಹೋದಳು. ನಾವೆಲ್ಲ ಕುರಿಗಳ ಹಾಗೆ ಹಿಂದೆ ಹಿಂದೆ ಹೋಗಿ ಬಾಗಿಲಲ್ಲಿ ಗುಂಪಾದೆವು. ಕಿಟಕಿಯ ಬಳಿ ಬಿಸಿಲಲ್ಲಿ ಕುರ್ಚಿ ಇತ್ತು. ಅವಳು ಸ್ಕರ್ಟು ಸರಿಮಾಡಿಕೊಂಡು ಕೂತಳು.

ಓಕಿಗೆ ಅಷ್ಟಾದ ಮೇಲೂ ಸುಮ್ಮನಿರಲಾಗಲಿಲ್ಲ. "ಕುರ್ಚಿ ಅಷ್ಟೇನೂ ಚೆನ್ನಾಗಿಲ್ಲ," ಎಂದ. "ಒಂದು ಕಾಲು ಕುಂಟು."

ವನೀಟಾ ಅವನನ್ನೇ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ವಾಲಿದಳು.

"ಛೆ ಛೆ," ಎಂದಳು. "ಯಾರು ಹೇಳಿದ್ದು? ಇಷ್ಟು ಗಟ್ಟಿ ಕುರ್ಚಿ ಓಹಾಯೋದಲ್ಲೂ ಇಲ್ಲ."

ಕುಂಟು ಕಾಲು ನೆಲಕ್ಕೆ ಟಕ್ ಟಕ್ ಎಂದು ಬಡಿಯುತ್ತಲೇ ಇತ್ತು.